ಮುಳಬಾಗಿಲಿನವರು ಕೇಳಿದ ಹುಡುಗಿ

ವಿಲಾಯಿತಿಯ ಫ್ಯಾಷನ್ ಪತ್ರಿಕೆಗಳು ನಮ್ಮ ಮನೆಗೆ ಬಂದದ್ದು ಓದುವುದಕ್ಕಲ್ಲ, ರೇಷ್ಮೆಹುಳುಗಳ ಕೆಳಗೆ ಹಾಸುವುದಕ್ಕೆ. ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಶ್ರೀನಿವಾಸಪುರದಿಂದ ರಾಯಲ್ಪಾಡಿನ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ಊರು. ಒಂದಿಷ್ಟು ರಾಗಿ, ಒಂದಿಷ್ಟು ಹಿಪ್ಪುನೇರಳೆ, ನಡುಮನೆಯಲ್ಲಿ ಬಿದಿರಿನ ತಟ್ಟೆಗಳ ತುಂಬ ಹುಳು. ಹುಳು ಹಿಕ್ಕೆ ಹಾಕುತ್ತದೆ, ಸೊಪ್ಪು ನೀರು ಬಿಡುತ್ತದೆ, ಆದ್ದರಿಂದ ತಟ್ಟೆಗೆ ಕಾಗದ ಹಾಸಲೇಬೇಕು. ಅಪ್ಪ ಕೋಲಾರದ ರದ್ದಿ ಅಂಗಡಿಯಿಂದ ಹಳೇ ಪೇಪರ್ ಕಟ್ಟಿಸಿಕೊಂಡು ಬರುತ್ತಿದ್ದ. ಒಂದು ಸಲ ಆ ಕಟ್ಟಿನ ತುಂಬ ಬಣ್ಣಬಣ್ಣದ ದಪ್ಪ ಪುಸ್ತಕಗಳೇ ಇದ್ದವು. ಚಿನ್ನದ ಗಣಿಯ ಕಡೆಯ ಯಾರೋ ದೊರೆಸಾನಿ ಬಂಗಲೆ ಖಾಲಿ ಮಾಡಿ ಆಸ್ಟ್ರೇಲಿಯಾಕ್ಕೆ ಹೊರಟಾಗ ತೂಕಕ್ಕೆ ಹಾಕಿ ಹೋಗಿದ್ದಳಂತೆ.

ಅಮ್ಮ ಎರಡು ಹಾಳೆ ಹಾಸಿ ನೋಡಿ ಮೂರನೆಯದನ್ನು ಮೂಲೆಗೆಸೆದಳು. ನುಣುಪು ಹಾಳೆ ನೀರು ಹೀರುವುದಿಲ್ಲ, ಹುಳುಗಳು ತೇವದಲ್ಲೇ ಬಿದ್ದಿರುತ್ತವೆ.

"ಈ ಬಿಳಿ ಮುಖಗಳ ಮೇಲೆ ಮಲಗಿಸಿದ್ರೆ ನನ್ ಹುಳಕ್ಕೆಲ್ಲ ರೋಗ ಬರುತ್ತೆ. ತಗೊಂಡ್ ಹೋಗ್ರೇ ಅತ್ಲಾಗೆ" ಎಂದಳು.

ಹೀಗೆ ಹುಳುಗಳಿಗೆ ಬೇಡವಾದ ಆ ಸುಂದರಿಯರೆಲ್ಲ ನನಗೂ ಅಕ್ಕನಿಗೂ ಸಿಕ್ಕರು. ಅಕ್ಕ ಪಿಯುಸಿ ಮುಗಿಸಿ, ಹೊಲಿಗೆ ಕಲಿತು, ಮದುವೆಗೆ ಕಾಯುತ್ತ ಮನೆಯಲ್ಲಿದ್ದಳು. ನಾನು ಹೈಸ್ಕೂಲು. ನಾವಿಬ್ಬರೂ ಕಪ್ಪು. ನೆಂಟರು ಸುತ್ತಿಬಳಸಿ ಹೇಳುವ ಗೋಧಿಬಣ್ಣ, ಎಣ್ಣೆಗೆಂಪು ಯಾವುದೂ ಅಲ್ಲ, ನೇರವಾಗಿ ಕಪ್ಪು. ಅಕ್ಕನಿಗೆ ಬಂದಿದ್ದ ಸಂಬಂಧಗಳೆಲ್ಲ ಕಾಫಿ ಕುಡಿದು, ಬಜ್ಜಿ ತಿಂದು, "ಹೇಳಿ ಕಳಿಸ್ತೀವಿ" ಎಂದು ಹೋಗಿದ್ದವು. ಹೇಳಿ ಕಳಿಸಿದವರು ಯಾರೂ ಇಲ್ಲ.

ಆ ಪತ್ರಿಕೆಗಳನ್ನು ನಾವು ಹುಳುಗಳಿಗಿಂತ ಶ್ರದ್ಧೆಯಿಂದ ಮೇಯ್ದೆವು. ಪುಟ ತಿರುವಿದಷ್ಟೂ ಬಿಳಿಯರು. ನಮ್ಮ ದೇಶದ, ಆಸುಪಾಸಿನ ದೇಶಗಳ ಮುಖ ಸಿಕ್ಕುವುದೇ ಅಪರೂಪ, ಸಿಕ್ಕರೂ ಆ ಮುಖಕ್ಕೆ ಏನಾದರೂ ಕೆಲಸ ಹಚ್ಚಿರುತ್ತಿದ್ದರು. ಚೀನಾ, ಜಪಾನ್ ಕಡೆಯವಳಾದರೆ ಕೈಗೊಂದು ಕಾಗದದ ಕೊಡೆ ಕೊಟ್ಟು ತಲೆ ಬಗ್ಗಿಸಿ ನಿಲ್ಲಿಸುವುದು. ನಮ್ಮ ಕಡೆಯವಳಾದರೆ ತಲೆ ಮೇಲೆ ಕೊಡ. ಒಂದು ಚಿತ್ರವಂತೂ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಹಿಂದೆ ಕೋಟೆ, ಕೋಟೆ ಮುಂದೆ ಒಂಟೆ, ಒಂಟೆ ಮುಂದೆ ಸಾಲಾಗಿ ಕುಕ್ಕರುಗಾಲಲ್ಲಿ ಕೂತ ನಮ್ಮ ಹೆಂಗಸರು, ಅವರ ನಡುವೆ ಪಾದದವರೆಗೆ ಉಣ್ಣೆ ಕೋಟು ತೊಟ್ಟು ನಿಂತ ಬಿಳಿಯ ಹೆಂಗಸು. ಬಿಸಿಲು ಎಷ್ಟಿತ್ತೆಂದರೆ ಒಂಟೆಯೇ ಕಣ್ಣು ಕಿರಿದು ಮಾಡಿಕೊಂಡಿತ್ತು.

ಅಮ್ಮ ಸೊಪ್ಪು ಹಾಕುತ್ತ ಬಗ್ಗಿ ನೋಡಿದಳು. "ಯಾರಮ್ಮಾ ಅದು, ಆ ಬಿಸಿಲಲ್ಲಿ ಕಂಬಳಿ ಹೊದ್ಕೊಂಡ್ ನಿಂತಿರೋಳು? ಚಳಿಜ್ವರಾನಾ?"

ನಾನು ನನ್ನ ಹೈಸ್ಕೂಲಿನ ಇಂಗ್ಲಿಷು ಹಿಡಿದುಕೊಂಡು ಕೆಳಗಿನ ಸಣ್ಣ ಅಕ್ಷರಗಳನ್ನು ಒಂದೊಂದಾಗಿ ಓದಿದೆ. ಕೋಟು ಯಾವ ಅಂಗಡಿಯದು, ಬೂಟು ಯಾವ ಅಂಗಡಿಯದು, ತುಟಿಯ ಬಣ್ಣ ಯಾರು ಮಾಡಿದ್ದು ಎಲ್ಲ ಇತ್ತು. ಒಂಟೆಯ ಬಗ್ಗೆಯೂ ಅರ್ಧ ಸಾಲಿತ್ತು. ಕೂತಿದ್ದ ಹೆಂಗಸರ ಬಗ್ಗೆ ಒಂದಕ್ಷರವಿರಲಿಲ್ಲ. ನಮ್ಮೂರಲ್ಲಿ ಫೋಟೋ ಎಂದರೆ ಇಸ್ತ್ರಿ ಸೀರೆಯುಟ್ಟು ಬಸ್ಸು ಹತ್ತಿ ಶ್ರೀನಿವಾಸಪುರಕ್ಕೆ ಹೋಗಬೇಕಾದ ಸಡಗರ. ಈ ಹೆಂಗಸರನ್ನು ಯಾರೋ ಮನೆ ಬಾಗಿಲಿಗೇ ಬಂದು ಗೋಡೆಯ ಹಾಗೆ ಕೂರಿಸಿ ಹೋಗಿದ್ದರು. ನನಗೆ ನಗು ಬಂತು, ಆಮೇಲೆ ಸಿಟ್ಟೂ ಬಂತು.

ಆ ಕಟ್ಟಿನ ಕೊನೆಯ ಪುಸ್ತಕದಲ್ಲಿ ಅಕ್ಕನಿಗೆ ಅವಳು ಸಿಕ್ಕಿದಳು. ಇಡೀ ಪುಟದಲ್ಲಿ ಒಬ್ಬಳೇ. ಕೊಡವಿಲ್ಲ, ಕೊಡೆಯಿಲ್ಲ, ಒಂಟೆಯಿಲ್ಲ. ಹಳದಿ ಬಟ್ಟೆ, ಬರಿಯ ಭುಜ, ಎತ್ತಿ ಕಟ್ಟಿದ ಕೂದಲು, ಉದ್ದ ಕುತ್ತಿಗೆ. ಬಣ್ಣ ನಮ್ಮದೇ, ಬೇಕಾದರೆ ಇನ್ನೂ ಒಂದು ಕೈ ಹೆಚ್ಚು. ಅವಳು ಯಾವ ದೇಶದವಳೆಂದು ಅಲ್ಲಿ ಬರೆದಿರಲಿಲ್ಲ. ಸಿಂಹಳದವಳಿರಬೇಕು ಎಂದೆ ನಾನು. "ರಾಯಲ್ಪಾಡು ಕಡೆಯೋಳ ಥರ ಕಾಣ್ತಾಳೆ" ಎಂದಳು ಅಮ್ಮ. ಅಕ್ಕ ಬಹಳ ಹೊತ್ತು ನೋಡುತ್ತ ಕೂತಿದ್ದಳು. ಆಮೇಲೆ ಹಾಳೆಯನ್ನು ಹುಷಾರಾಗಿ ಬಿಡಿಸಿ ತನ್ನ ಸೀರೆಗಳ ನಡುವೆ ಇಟ್ಟುಕೊಂಡಳು.

ಅಷ್ಟರಲ್ಲಿ ಮುಳಬಾಗಿಲಿನಿಂದ ಒಂದು ಸಂಬಂಧ ಬಂತು. ಹುಡುಗ ಬ್ಯಾಂಕಿನಲ್ಲಿ ಗುಮಾಸ್ತ, ಮನೆ ಸ್ವಂತದ್ದು. ಮೊದಲು ಫೋಟೋ ಕಳಿಸಿ ಎಂದಿದ್ದರು. ನಮ್ಮ ತಾಲ್ಲೂಕಿನಲ್ಲಿ ಮದುವೆಗೆ ಕೊಡುವ ಫೋಟೋ ಎಂದರೆ ಬಸ್ ಸ್ಟ್ಯಾಂಡಿನ ಎದುರಿನ ಸ್ಟುಡಿಯೋದ್ದೇ ಆಗಬೇಕು. ಆ ಸ್ಟುಡಿಯೋದವರು ಟಚಿಂಗ್‌ಗೆ ಹೆಸರುವಾಸಿ. ನೆಗೆಟಿವ್ ಮೇಲೆ ಚೂಪಾದ ಪೆನ್ಸಿಲ್ ಆಡಿಸಿ ಎಂಥ ಕಪ್ಪನ್ನೂ ಬಿಳಿ ಮಾಡಿಬಿಡುತ್ತಿದ್ದರು. ಮೂಗು ಸಣ್ಣಗಾಗುತ್ತಿತ್ತು, ಗುಳಿಬಿದ್ದ ಕೆನ್ನೆ ತುಂಬಿಕೊಳ್ಳುತ್ತಿತ್ತು. ಅವರ ಷೋಕೇಸಿನಲ್ಲಿದ್ದ ಹುಡುಗಿಯರೆಲ್ಲ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರ ಹಾಗಿದ್ದರು. ಗಂಡಿನ ಕಡೆಯವರು ಬಸ್ಸಿಳಿದು ಆ ಷೋಕೇಸನ್ನು ಕಣ್ತುಂಬ ನೋಡಿಕೊಂಡೇ ಮುಂದೆ ಹೋಗುವುದು ನಮ್ಮ ಕಡೆ ರೂಢಿಯಾಗಿಬಿಟ್ಟಿತ್ತು.

ಅಕ್ಕ ಆ ಹಾಳೆಯನ್ನು ತೆಗೆದುಕೊಂಡೇ ಸ್ಟುಡಿಯೋಕ್ಕೆ ಬಂದಳು. ಜೊತೆಗೆ ನಾನು, ಅಪ್ಪ.

"ಅಣ್ಣಾ, ನಂಗೆ ಟಚಿಂಗ್ ಬೇಡ. ಈ ಥರ ತೆಗೀರಿ. ನನ್ ಬಣ್ಣ ನನ್ ಬಣ್ಣದಂಗೇ ಬರ್ಬೇಕು."

ಸ್ಟುಡಿಯೋದವರು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ ಲೊಚಗುಟ್ಟಿದರು. "ಅಯ್ಯೋ ಪಾಪ! ಫಾರಿನ್ನಲ್ಲಿದ್ರೂ ಈ ಅಮ್ಮಾಯಿಗೆ ಯಾರೂ ಟಚಿಂಗ್ ಮಾಡಿಲ್ವಲ್ಲಮ್ಮಾ."

"ಅದಕ್ಕೇ ಚೆನ್ನಾಗಿದಾಳೆ."

"ಏನ್ ಚೆನ್ನ? ನನ್ ಕೈಗೆ ಸಿಕ್ಕಿದ್ರೆ ಒಂದ್ ವಾರದಲ್ಲಿ ಮದುವೆ ಆಗೋಗ್ತಿತ್ತು ಇವಳಿಗೆ. ಈ ಹಾಳೆ ಇಲ್ಲೇ ಬಿಟ್ಟೋಗಮ್ಮಾ, ತೋರಿಸ್ತೀನಿ."

ಅಕ್ಕನ ಹಿಂದೆ ಕೆರೆ, ಹಂಸ ಬರೆದ ಪರದೆ ಇಳಿಸಿ, ಮುಖಕ್ಕೆ ಪೌಡರು ಮೆತ್ತಿ ಫೋಟೋ ತೆಗೆದರು. ಬರುವಾಗ ಅಪ್ಪ ಅಕ್ಕನ ಬೆನ್ನ ಹಿಂದೆ ನಿಂತು ಅವರಿಗೆ ಕಣ್ಸನ್ನೆ ಮಾಡಿದ್ದನ್ನು ನಾನು ನೋಡಿದೆ. ಅಪ್ಪನನ್ನೂ ಬೈಯುವಂತಿಲ್ಲ, ಮಗಳು ಮನೆಯಲ್ಲೇ ಉಳಿದುಬಿಡುತ್ತಾಳೆಂಬ ಹೆದರಿಕೆ ಅವನಿಗೆ. ಮುಳಬಾಗಿಲಿಗೆ ಹೋದ ಫೋಟೋದಲ್ಲಿ ಹಾಲಿನಲ್ಲಿ ಮುಳುಗಿಸಿ ತೆಗೆದಂಥ ಯಾರೋ ಹುಡುಗಿ ಇದ್ದಳು. ಅಕ್ಕನ ಪೈಕಿ ಅದರಲ್ಲಿ ಉಳಿದಿದ್ದು ಸೀರೆ ಮಾತ್ರ.

ಹಾಳೆಯನ್ನು ವಾಪಸ್ ತರಲೆಂದು ನಾವಿಬ್ಬರೂ ಇನ್ನೊಂದು ದಿನ ಹೋದಾಗ ಷೋಕೇಸಿನ ಮುಂದೆ ಕಣ್ಣು ಬಾಯಿ ಬಿಟ್ಟುಕೊಂಡು ನಿಂತೆವು. ಅಲ್ಲಿ, ತಾಲ್ಲೂಕಿನ ಹೆಣ್ಣುಮಕ್ಕಳ ನಟ್ಟನಡುವೆ, ಅವಳಿದ್ದಳು. ಸ್ಟುಡಿಯೋದವರು ಪತ್ರಿಕೆಯ ಪುಟದಿಂದಲೇ ಫೋಟೋ ತೆಗೆದು, ನೆಗೆಟಿವ್ ತುಂಬ ಪೆನ್ಸಿಲ್ ಆಡಿಸಿ ಬೆಳ್ಳಗೆ ಮಾಡಿದ್ದರು. ಅಷ್ಟಕ್ಕೇ ಬಿಡದೆ, ಪ್ರಿಂಟಿನ ಮೇಲೆ ಸಣ್ಣ ಕುಂಚದಿಂದ ಹಣೆಗೆ ಕುಂಕುಮ, ಕಿವಿಗೆ ಝುಮುಕಿ, ಮೂಗಿಗೊಂದು ಮೂಗುಬೊಟ್ಟು ಬರೆದಿದ್ದರು. ಬರಿಯ ಭುಜದ ಮೇಲೆ ಅಂಚಿನ ಸೆರಗೊಂದು ಅಚ್ಚುಕಟ್ಟಾಗಿ ಬಂದು ಕೂತಿತ್ತು. ವಿಲಾಯಿತಿಯವರು ಬಿಚ್ಚಿಸಿದ್ದನ್ನೆಲ್ಲ ಶ್ರೀನಿವಾಸಪುರದವರು ಉಡಿಸಿ ಕಳಿಸಿದ್ದರು.

"ನೋಡಿದ್ಯಾ? ಈಗ ಹೆಣ್ಣಾದ್ಲು" ಎಂದರು ಸ್ಟುಡಿಯೋದವರು, ಹೆಮ್ಮೆಯಿಂದ.

ನಾನು ಬಿದ್ದು ಬಿದ್ದು ನಕ್ಕೆ. ಅಕ್ಕ ನಗಲಿಲ್ಲ. ಹಾಳೆಯನ್ನು ಕಿತ್ತುಕೊಂಡಂತೆ ತೆಗೆದುಕೊಂಡು ಬಸ್ಸಿನ ಕಡೆ ನಡೆದಳು. ಬಸ್ಸಿನಲ್ಲಿ ಕಿಟಕಿಯಾಚೆ ನೋಡುತ್ತಲೇ, "ಒಬ್ರಾದ್ರೂ ನನ್ ಮುಖ ನೋಡಿ ಹೂಂ ಅನ್ಬೇಕು ಕಣೇ. ಈ ಮುಖ ನೋಡಿ. ಅಷ್ಟೇ ನಂಗೆ ಬೇಕಾಗಿರೋದು" ಎಂದಳು. ನಾನು ಅವಳ ಕೈ ಹಿಡಿದುಕೊಂಡೆ.

ಫೋಟೋ ನೋಡಿ ಖುಷಿಯಾದ ಮುಳಬಾಗಿಲಿನವರು ಹೆಣ್ಣು ನೋಡಲು ಬಂದರು. ಹುಡುಗ, ಅವನ ತಾಯಿ. ಹುಳುವಿನ ತಟ್ಟೆಗಳನ್ನೆಲ್ಲ ಒಂದು ಗೋಡೆಗೆ ಸರಿಸಿ ನಡುಮನೆಯಲ್ಲೇ ಚಾಪೆ ಹಾಸಿದ್ದೆವು. ಅಕ್ಕ ಕಾಫಿ ತಂದಿಟ್ಟು ಕೂತಳು. ಹುಡುಗನ ತಾಯಿ ಅಕ್ಕನನ್ನು ನೋಡಿದರು, ಬಾಗಿಲ ಕಡೆ ನೋಡಿದರು, ಇನ್ನೊಬ್ಬಳು ಬರಬಹುದೆಂದು ಕಾದರು. ಬರುವುದಿಲ್ಲವೆಂದು ಖಾತ್ರಿಯಾದ ಮೇಲೆ, "ಫೋಟೋದಲ್ಲಿ ಬೇರೆ ಥರ ಇದ್ಲು" ಎಂದರು. ಅಪ್ಪ ಕೈ ಕೈ ಹಿಸುಕಿಕೊಂಡ. ಆಕೆ ಬಜ್ಜಿ ಮುಗಿಸಿ, ದನಿ ತಗ್ಗಿಸಿ, ಅಕ್ಕ ಎದುರಿಗಿದ್ದಾಳೆಂಬುದನ್ನೂ ಲೆಕ್ಕಿಸದೆ ಕೇಳಿದರು:

"ಅಲ್ಲ ಯಜಮಾನ್ರೇ, ಬಸ್ ಸ್ಟ್ಯಾಂಡ್ ಎದುರು ಸ್ಟುಡಿಯೋದಲ್ಲಿ ಒಂದ್ ಹುಡುಗಿ ಫೋಟೋ ನೋಡ್ದೆ. ಉದ್ದ ಕುತ್ತಿಗೆ, ಝುಮುಕಿ ಹಾಕ್ಕೊಂಡಿದಾಳೆ. ಎವರಿಂಟಿ ಪಿಲ್ಲ? ಯಾರ ಮನೆ ಮಗಳು? ನಮ್ ಜನಾನೇನಾ?"

ಷೋಕೇಸಿನ ಆ ಫೋಟೋದ ವಿಷಯ ಅಪ್ಪನಿಗೆ ಗೊತ್ತಿರಲಿಲ್ಲ. "ವಿಚಾರಿಸಿ ಹೇಳ್ತೀನಮ್ಮಾ" ಎಂದುಬಿಟ್ಟ, ಪಾಪ. ನಾನು ನಗು ತಡೆಯಲಾಗದೆ ಸೆರಗಿಲ್ಲದ ಲಂಗದಲ್ಲಿ ಬಾಯಿ ಮುಚ್ಚಿಕೊಳ್ಳಲು ಏನೂ ಸಿಗದೆ ಒದ್ದಾಡುತ್ತಿದ್ದೆ. ಅಕ್ಕ ಎದ್ದಳು. ಒಳಗೆ ಹೋಗಿ ಹಾಳೆ ತಂದು ಆಕೆಯ ಕೈಗೆ ಕೊಟ್ಟಳು.

"ನೀವು ಕೇಳ್ತಿರೋ ಹುಡುಗಿ ಇವಳೇ. ಟಚಿಂಗ್ ತೆಗೆದ್ರೆ ಹೀಗಿದಾಳೆ. ಅಡ್ರೆಸ್ ಮಾತ್ರ ನಂಗೊತ್ತಿಲ್ಲ."

ಆಕೆ ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಕುತ್ತಿಗೆ ಅದೇ, ಕಣ್ಣು ಅದೇ. ಬರಿಯ ಭುಜದ ಮೇಲೆ ಹೆಬ್ಬೆರಳು ಮುಚ್ಚಿದರು. ಹುಡುಗ ಇಣುಕಿದ್ದಕ್ಕೆ ಹಾಳೆ ಆ ಕಡೆ ತಿರುಗಿಸಿಕೊಂಡರು.

"ಅಯ್ಯೋ ದೇವ್ರೇ, ಇಷ್ಟು ಕಪ್ಪಾ! ಬೇಡಪ್ಪಾ ಬೇಡ."

ಅಷ್ಟು ದೊಡ್ಡ ದೇಶದ ಅಷ್ಟು ದೊಡ್ಡ ಪತ್ರಿಕೆಯಲ್ಲಿ, ನಮ್ಮ ಬಣ್ಣದವರನ್ನು ಒಂಟೆಯ ಪಕ್ಕಕ್ಕಷ್ಟೇ ಸೇರಿಸುವ ಜನರ ನಡುವೆ, ಹೇಗೋ ಒಂದು ಇಡೀ ಪುಟ ಗಿಟ್ಟಿಸಿಕೊಂಡಿದ್ದ ಹೆಂಗಸು ನಮ್ಮ ನಡುಮನೆಯಲ್ಲಿ, ರೇಷ್ಮೆಹುಳುಗಳ ಎದುರಿಗೆ, ಮುಳಬಾಗಿಲಿನ ಬ್ಯಾಂಕ್ ಗುಮಾಸ್ತನಿಗೆ ತಕ್ಕವಳಲ್ಲವೆಂದು ತೀರ್ಮಾನವಾಯಿತು. ಆ ವಿಷಯ ಅವಳಿಗೆ ಇವತ್ತಿಗೂ ಗೊತ್ತಿರಲಿಕ್ಕಿಲ್ಲ.

ಆಮೇಲೆ ಆಕೆ ಮಾಡಿದ್ದನ್ನು ನಾನು ಎಣಿಸಿರಲಿಲ್ಲ. ಸೀರೆಗೆ ರವಿಕೆಯ ಬಟ್ಟೆ ಹೊಂದುತ್ತದೋ ಎಂದು ನೋಡುವ ಹಾಗೆ ಹಾಳೆಯನ್ನು ಅಕ್ಕನ ಕೆನ್ನೆಯ ಪಕ್ಕಕ್ಕೆ ಹಿಡಿದರು. ಒಂದು ಸಲ ಇತ್ತ, ಒಂದು ಸಲ ಅತ್ತ.

"ಇವಳಿಗಿಂತ ನಿಮ್ ಹುಡುಗಿ ಒಂದ್ ಸ್ವಲ್ಪ ತಿಳಿಯಾಗೇ ಇದಾಳೆ. ಪರವಾಗಿಲ್ಲ ಬಿಡಿ. ನಾವು ಒಪ್ಕೊಂಡ್ವಿ."

ಅಪ್ಪನ ಮುಖ ಅರಳಿದ್ದು ನೆನೆಸಿಕೊಂಡರೆ ನನಗೆ ಈಗಲೂ ಸಂಕಟವಾಗುತ್ತದೆ. ಎಷ್ಟು ಕಾಲದಿಂದ ಕಾದಿದ್ದ ಮಾತು ಅದು. ಎದ್ದು ನಿಂತು ಕೈ ಮುಗಿಯಲು ಹೊರಟಿದ್ದ. ಹುಡುಗನೂ ನೋಡಲು ಲಕ್ಷಣವಾಗಿಯೇ ಇದ್ದ, ಪಾಪದವನ ಹಾಗೆ ಕಾಣುತ್ತಿದ್ದ. ಅಕ್ಕ ಆಕೆಯ ಕೈಯಿಂದ ಹಾಳೆ ತೆಗೆದುಕೊಂಡು, ಮಡಿಸದೆ, ನೆಟ್ಟಗೆ ಹಿಡಿದುಕೊಂಡು ನಿಂತಳು.

"ನಂಗೆ ಒಪ್ಪಿಗೆ ಇಲ್ಲ" ಎಂದಳು.

ಹುಡುಗನ ತಾಯಿಗೆ ಸರಿಯಾಗಿ ಕೇಳಿಸಿತೋ ಇಲ್ಲವೋ ಎಂಬ ಅನುಮಾನ. ಕೇಳಿಸಿದ್ದು ನಿಜವೆಂದು ಗೊತ್ತಾದ ಮೇಲೆ, ಇಷ್ಟು ಕಪ್ಪಿಗೆ ಇಷ್ಟು ಕೊಬ್ಬೇ ಎಂದು ಗೊಣಗಿಕೊಂಡು, ಮಗನ ತೋಳು ಹಿಡಿದುಕೊಂಡು ಬಸ್ಸಿಗೆ ಹೊರಟರು.

ಅಕ್ಕ ಮುಂದೆ ಮಾಲೂರಿನಲ್ಲಿ ಹೊಲಿಗೆ ಟೀಚರಾದಳು. ಅಲ್ಲೇ ಪಕ್ಕದ ಸ್ಕೂಲಿನ ಡ್ರಿಲ್ ಮೇಷ್ಟ್ರು ದಿನಾ ಅವಳನ್ನು ನೋಡಿ ನೋಡಿ ತಾವಾಗಿಯೇ ಬಂದು ಕೇಳಿ ಮದುವೆಯಾದರು. ಆದರೆ ಆ ಸಂಜೆ ಇದ್ಯಾವುದೂ ನಮಗೆ ಗೊತ್ತಿರಲಿಲ್ಲ. ಅಪ್ಪ ತಲೆ ತಲೆ ಚಚ್ಚಿಕೊಂಡ. ಕೂಗಾಡಿದ. "ಒಪ್ಕೊಂಡಿದ್ರಲ್ಲೇ! ಬಾಯ್ಬಿಟ್ಟು ಒಪ್ಕೊಂಡ್ವಿ ಅಂದಿದ್ರಲ್ಲೇ! ಇನ್ನೇನ್ ಬೇಕಾಗಿತ್ತು ನಿಂಗೆ?" ಅಕ್ಕ ಗೋಡೆಗೆ ಒರಗಿ ಅಳುತ್ತಿದ್ದಳು. ಅಮ್ಮನೂ ಈಗ ಶುರು ಮಾಡುತ್ತಾಳೆಂದು ನಾನು ಹೆದರಿದ್ದೆ, ಯಾಕೆಂದರೆ ಅಮ್ಮನ ಬಾಯಿ ಅಪ್ಪನದಕ್ಕಿಂತ ಜೋರು.

ಅಮ್ಮ ಕಾಫಿ ಲೋಟಗಳನ್ನು ಒಂದರೊಳಗೊಂದು ಜೋಡಿಸಿ ಎದ್ದು ನಿಂತಳು.

"ಬೈಬೇಡ ಅವಳನ್ನ" ಎಂದಳು ಅಪ್ಪನಿಗೆ. "ನಿಮ್ಮಮ್ಮ ನನ್ನ ನೋಡಕ್ಕೆ ಬಂದಾಗ ನಮ್ ಪಕ್ಕದ್ಮನೆ ಹುಡುಗೀನ ಜೊತೇಲಿ ನಿಲ್ಲಿಸ್ಕೊಂಡು ನೋಡಿದ್ರು. ಆಮೇಲೆ ‘ಪರವಾಗಿಲ್ಲ’ ಅಂದ್ರು. ನೀನೂ ಅಲ್ಲೇ ಕೂತಿದ್ದೆ. ಅವತ್ತಿಂದ ಇವತ್ತಿನವರೆಗೂ ನಾನು ಈ ಮನೇಲಿ ‘ಪರವಾಗಿಲ್ಲ’ ಆಗೇ ಇದೀನಿ."

ಅಪ್ಪ ಏನನ್ನುತ್ತಾನೋ ಎಂದು ಅಮ್ಮ ಲೋಟಗಳನ್ನು ಹಿಡಿದು ಕಾಯುತ್ತ ನಿಂತೇ ಇದ್ದಳು.