ಬಡಿಸುವ ಕಿಂಡಿಯಲ್ಲಿ ಫೋನು

ಮನೆಗೆ ಹೊಸ ಯಂತ್ರ ಬಂದರೆ ನನಗೆ ಊಟ ಸೇರುವುದಿಲ್ಲ. ಮಿಕ್ಸಿ ಬಂದ ದಿನ ರುಬ್ಬಲು ಏನೂ ಇಲ್ಲದೆ ಡಬ್ಬಿಯ ಸಕ್ಕರೆಯನ್ನೆಲ್ಲ ಪುಡಿ ಮಾಡಿ ಇಟ್ಟಿದ್ದೆ. ವಾಷಿಂಗ್ ಮಷೀನ್ ಬಂದ ದಿನ ಒಗೆದ ಬಟ್ಟೆಯನ್ನೇ ಇನ್ನೊಮ್ಮೆ ಹಾಕಿ, ಅದರ ಮುಂದೆ ಮಣೆ ಹಾಕಿಕೊಂಡು ಕೂತಿದ್ದೆ. "ಸಿನೆಮಾ ನೋಡ್ಲಿಕತ್ತೀಯೇನು?" ಎಂದು ನಮ್ಮವರು ನಕ್ಕಿದ್ದರು. ಹಾಗಿರುವಾಗ ಕಾರ್ಡ್‌ಲೆಸ್ ಫೋನ್ ತಂದ ದಿನ ನಾನು ಹೇಗಿದ್ದೆ ಎಂದು ಬೇರೆ ಹೇಳಬೇಕಾಗಿಲ್ಲ. ಆದರೆ ಆ ಫೋನಿನಿಂದ ನನ್ನದೊಂದು ಕಳ್ಳತನ ಬಯಲಾಗುವುದಿತ್ತು. ಅದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ಮನೆ ಮಂತ್ರಾಲಯದಲ್ಲಿ, ಮಠದ ಹಿಂದಿನ ಓಣಿಯಲ್ಲಿ. ಹಳೆಯ ಕಲ್ಲಿನ ಮನೆ, ಎರಡು ಮೊಳ ದಪ್ಪದ ಗೋಡೆಗಳು. ಮುಂದೆ ಪಡಸಾಲೆ, ಆಮೇಲೆ ನಡುಮನೆ, ಕೊನೆಗೆ ಅಡುಗೆಮನೆ. ಪಡಸಾಲೆಯಲ್ಲಿ ಮೊಬೈಲಿಗೆ ಸಿಗ್ನಲ್ ಇರುತ್ತದೆ, ನಡುಮನೆಯಲ್ಲಿ ಅರ್ಧ ಮಾತು ಕೇಳಿಸುತ್ತದೆ, ಅಡುಗೆಮನೆಯಲ್ಲಿ ಸೊನ್ನೆ. ಆ ಅಡುಗೆಮನೆ ನನ್ನ ಅತ್ತೆಯವರದು. ಬೆಳಿಗ್ಗೆ ಐದಕ್ಕೆ ಸ್ನಾನ ಮಾಡಿ, ಎತ್ತರದ ಗಳದ ಮೇಲೆ ಒಣಗಿದ ಮಡಿ ಸೀರೆಯನ್ನು ಕೋಲಿನಿಂದ ಇಳಿಸಿಕೊಂಡು ಉಟ್ಟರೆಂದರೆ ಮುಗಿಯಿತು. ನೈವೇದ್ಯವಾಗಿ ಎಲ್ಲರ ಊಟ ಆಗುವವರೆಗೆ ಅವರನ್ನು ಯಾರೂ ಮುಟ್ಟುವಂತಿಲ್ಲ, ಅವರೂ ಹೊರಗಿನ ಯಾವುದನ್ನೂ ಮುಟ್ಟುವುದಿಲ್ಲ. ಹತ್ತು ಜನ ಕೈಯಾಡಿಸುವ ಫೋನಿನ ಮಾತಂತೂ ಬೇಡವೇ ಬೇಡ.

ಅವರ ಅಕ್ಕ, ನಮ್ಮ ದೊಡ್ಡತ್ತೆ, ಗೋನೆಗಂಡ್ಲದಲ್ಲಿ ಮಗನ ಮನೆಯಲ್ಲಿದ್ದಾರೆ. ಮಗ ಶಾಲೆಯ ಮಾಸ್ತರರು. ಒಂಬತ್ತಕ್ಕೆ ಮೊಬೈಲನ್ನು ಜೇಬಿಗಿಳಿಸಿ ಹೊರಡುವ ಮೊದಲು ಅದನ್ನು ಸ್ಪೀಕರಿಗೆ ಹಾಕಿ, ಮಡಿಯಲ್ಲಿರುವ ತಾಯಿಯಿಂದ ಒಂದು ಮಾರು ದೂರ ಇಡುತ್ತಿದ್ದರು. ಅಕ್ಕತಂಗಿಯರ ಮಾತಿಗೆ ದಿನದಲ್ಲಿ ಸಿಗುತ್ತಿದ್ದದ್ದು ಆ ಅರ್ಧ ಗಂಟೆ ಮಾತ್ರ. ಸಂಜೆ ಮಗನಿಗೆ ಟ್ಯೂಷನ್, ಅತ್ತೆಗೆ ಮಠದಲ್ಲಿ ಭಜನೆ. ನಮ್ಮ ಕಡೆ ವೈರಿನ ಫೋನು ಪಡಸಾಲೆಯ ಗೋಡೆಗೆ ಅಂಟಿಕೊಂಡಿತ್ತು, ಅತ್ತೆ ಅಡುಗೆಮನೆಯ ಒಲೆಗೆ ಅಂಟಿಕೊಂಡಿದ್ದರು. ನಡುವೆ ನಾನು.

ಮದುವೆಯಾಗಿ ಬಂದಾಗಿನಿಂದ ಹನ್ನೊಂದು ವರ್ಷ ನಾನು ಆ ಇಬ್ಬರ ನಾಲಿಗೆಯಾಗಿದ್ದೆ. "ಹುಳ್ಯಾಗ ಬೆಲ್ಲ ಹಾಕ್ಯಾಳೇನು ಕೇಳು" ಎಂದು ಅತ್ತೆ ಒಳಗಿನಿಂದ ಕೂಗುವರು. ನಾನು ಓಡಿ ಹೋಗಿ ರಿಸೀವರಿನಲ್ಲಿ ಕೇಳುವೆ. "ಹಾಕೀನಿ, ಆಕಿ ಹಾಕಲ್ಲೇನು?" ಎಂದು ದೊಡ್ಡತ್ತೆ. ಮತ್ತೆ ಓಟ. ಒಂದು ಹುಳಿಯ ವಿಚಾರ ಮುಗಿಯುವಷ್ಟರಲ್ಲಿ ನನಗೆ ಹೊಳೆಯ ತನಕ ಹೋಗಿ ಬಂದಷ್ಟು ದಣಿವಾಗುತ್ತಿತ್ತು. ಓಡಾಡಿ ಓಡಾಡಿ ನಾನು ಮಾತುಗಳನ್ನು ಸಣ್ಣಗೆ ಕತ್ತರಿಸುವುದನ್ನೂ ಕಲಿತೆ. ಹತ್ತು ಮಾತು ಕೊಟ್ಟರೆ ಮೂರು ತಲುಪಿಸುತ್ತಿದ್ದೆ. ಯಾರಿಗೂ ಗೊತ್ತಾಗಲಿಲ್ಲ.

ಹೋದ ವರ್ಷದ ಆಷಾಢದಲ್ಲಿ ಒಂದು ಬೆಳಿಗ್ಗೆ ದೊಡ್ಡತ್ತೆ ಹೇಳಿದರು: "ಕಾರ್ತಿಕಕ್ಕ ಬಂದು ಒಂದು ತಿಂಗಳು ಇರ್ತೀನಿ ಅಂತ ಹೇಳವಾ. ತಂಗಿ ಜೊತಿ ಹೊಳಿ ಸ್ನಾನ ಮಾಡಬೇಕಂತ ಭಾಳ ಆಸೆ ಆಗೇದ. ಆಕಿ ಏನಂತಾಳ ಕೇಳು."

ಆವತ್ತು ನಮ್ಮಲ್ಲಿ ಯಾತ್ರೆಗೆ ಬಂದ ಎಂಟು ಮಂದಿ ನೆಂಟರಿದ್ದರು. ಹಾಲು ಉಕ್ಕಿತ್ತು, ಸೊಂಟ ಬಿದ್ದು ಹೋಗಿತ್ತು. ಒಬ್ಬರು ಮಡಿಯವರ ಸುತ್ತ ಸುತ್ತುವುದೇ ನನಗೆ ಸಾಕಾಗಿದೆ, ಇನ್ನು ಇಬ್ಬರ ಸುತ್ತ ಸುತ್ತಬೇಕೇ ಎನಿಸಿತು. ನಡುಮನೆ ದಾಟಿ ಹೋದೆ. "ಏನಂದ್ಲು ಅಕ್ಕ?" ಎಂದರು ಅತ್ತೆ. "ಆರಾಮ ಇದ್ದಾರಂತ್ರಿ" ಎಂದೆ. ತಿರುಗಿ ಬಂದು ಫೋನಿನಲ್ಲಿ, "ನೋಡೋಣು ಅಂದ್ರು" ಎಂದೆ. ಹೋಗುವಾಗ ಒಂದು ಸುಳ್ಳು, ಬರುವಾಗ ಒಂದು ಸುಳ್ಳು.

ಆಮೇಲೆ ದೊಡ್ಡತ್ತೆಯ ಫೋನು ಬರುವುದು ನಿಂತಿತು. ನಾವಾಗಿ ಮಾಡಿದರೆ ಮಗನೇ ಎತ್ತಿ, ಅಮ್ಮ ಜಪಕ್ಕೆ ಕೂತಿದ್ದಾಳೆ ಎನ್ನುತ್ತಿದ್ದರು. "ಅಕ್ಕ ಯಾಕ ಫೋನ್ ಹಚ್ಚವಲ್ಲಳು? ನನ್ನಿಂದ ಏನರೆ ತಪ್ಪಾತೇನು?" ಎಂದು ಅತ್ತೆ ದಿನಕ್ಕೆ ನಾಲ್ಕು ಸಲ ಕೇಳುವರು. ಒಂದು ದಿನ ಅಕ್ಕಿ ಆರಿಸುತ್ತಾ ಹೇಳಿದರು, "ಸಣ್ಣಾಕಿದ್ದಾಗ ಕಾರ್ತಿಕದಾಗ ಕೈ ಹಿಡಕೊಂಡು ಹೊಳ್ಯಾಗ ಮುಳುಗ್ತಿದ್ವಿ. ಮದುವಿ ಆದ ಮ್ಯಾಲ ಒಂದು ಸಲಾನೂ ಆಗಲಿಲ್ಲ." ನನಗೆ ನೆಲ ಬಿರಿದು ಒಳಗೆ ಸೇರಿಕೊಂಡರೆ ಸಾಕೆನಿಸಿತು. ನಾನು ಓದಿದ್ದು ತೆಲುಗು ಮೀಡಿಯಂ. ಮದುವೆಯಾಗಿ ಬಂದ ಮೇಲೆ ಮಧ್ಯಾಹ್ನಗಳಲ್ಲಿ ಪಕ್ಕದಲ್ಲಿ ಕೂರಿಸಿಕೊಂಡು ನನಗೆ ಕನ್ನಡದ ಅಕ್ಷರ ಕಲಿಸಿದ್ದು ಇದೇ ಅತ್ತೆ. ಆದರೂ ಬಾಯಿ ಬಿಡಲಿಲ್ಲ. ಬಿಟ್ಟರೆ ಮುಂದೆ ಮುಖ ತೋರಿಸುವುದು ಹೇಗೆ ಎಂಬ ಹೆದರಿಕೆ.

ದಸರೆ ಮುಗಿದ ಮೇಲೆ ಓಣಿಗೆ ಫೈಬರ್ ಇಂಟರ್‌ನೆಟ್ ಬಂತು. ಗೋಡೆಗೆ ಬಿಳಿ ಡಬ್ಬಿ ಜಡಿದ ಲೈನ್‌ಮನ್, ಹಳೆಯ ಫೋನನ್ನು ಅದರ ಬೆನ್ನಿಗೆ ಸಿಕ್ಕಿಸುತ್ತಾ, "ಅಮ್ಮಾ, ಕಾರ್ಡ್‌ಲೆಸ್ ತಗೊಂಡುಬಿಡ್ರಿ. ವೈರೇ ಅಕ್ಕರ್ಲೇದು. ಹಿತ್ತಲತನಕ ಹಿಡಕೊಂಡು ಹೋಗಿ ಮಾತಾಡಬಹುದು" ಎಂದ. ವೈರೇ ಬೇಡ! ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮರುದಿನವೇ ಆದೋನಿಗೆ ಹೋಗಿ, ಅಂಗಡಿಯವನಿಗೆ ನಾಲ್ಕು ಡಬ್ಬಿ ಬಿಚ್ಚಿಸಿ, ಸ್ಪೀಕರ್ ಜೋರಾಗಿರುವುದನ್ನೇ ಆರಿಸಿದೆ. ಇನ್ನು ಓಡುವ ಕೆಲಸವಿಲ್ಲ, ಅತ್ತೆ ತಾವೇ ಮಾತಾಡಬಹುದು ಎಂದು ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಹಿಗ್ಗುತ್ತಿದ್ದೆ. ಮಾಧವರಂ ದಾಟುವಾಗ ಥಟ್ಟನೆ ಹೊಳೆಯಿತು. ಅತ್ತೆ ತಾವೇ ಮಾತಾಡಿದರೆ ನನ್ನ ಗತಿ?

ಒಳ್ಳೆಯ ಬುದ್ಧಿ ಇದ್ದವಳಾದರೆ ಡಬ್ಬಿಯನ್ನು ಅಟ್ಟಕ್ಕೆಸೆದು ಸುಮ್ಮನಾಗುತ್ತಿದ್ದಳು. ನನಗೆ ಬಿಚ್ಚದೆ ಇರಲಾಗಲಿಲ್ಲ! ಸಂಜೆ ನಾಲ್ಕಕ್ಕೆ ಪಡಸಾಲೆಯಲ್ಲಿ ಎಲ್ಲವನ್ನೂ ಹರಡಿಕೊಂಡೆ. ಕೂರಿಸುವ ಪೀಠ ಒಂದು, ಕೈಯಲ್ಲಿ ಹಿಡಿಯುವ ಹ್ಯಾಂಡ್‌ಸೆಟ್ ಒಂದು, ಪುಟ್ಟ ಎರಡು ಸೆಲ್ಲು, ಕಾಣದಷ್ಟು ಸಣ್ಣ ಅಕ್ಷರದ ಪುಸ್ತಕ. ಪೀಠದ ತಂತಿಯನ್ನು ಬಿಳಿ ಡಬ್ಬಿಗೆ ಸಿಕ್ಕಿಸಿದೆ, ಕರೆಂಟಿಗೆ ಹಚ್ಚಿದೆ. ಸೆಲ್ಲುಗಳನ್ನು ತಿರುವುಮುರುವು ಹಾಕಿ, ಸರಿಮಾಡಿ, ಮುಚ್ಚಳ ಜಾರಿಸಿದರೆ ಟಕ್ ಎಂದಿತು. ಆ ಟಕ್ ಕೇಳಲು ಇನ್ನೆರಡು ಸಲ ತೆಗೆದು ಹಾಕಿದೆ. ಪರದೆ ನೀಲಿಯಾಗಿ ಬೆಳಗಿತು, ಆದರೆ ತನ್ನ ಪೀಠವನ್ನೇ ಹುಡುಕುತ್ತಿದ್ದೇನೆಂದು ಮಿಣುಕಿತು. ಒಂದೇ ಡಬ್ಬಿಯಲ್ಲಿ ಬಂದವಕ್ಕೆ ಪರಸ್ಪರ ಗುರುತಿಲ್ಲ! ಪುಸ್ತಕದಲ್ಲಿದ್ದಂತೆ ಪೀಠದ ಬೆನ್ನಿನ ಗುಂಡಿಯನ್ನು ಒತ್ತಿ ಹಿಡಿದು, ಹ್ಯಾಂಡ್‌ಸೆಟ್ಟಿನಲ್ಲಿ ನಾಲ್ಕು ಸೊನ್ನೆ ಒತ್ತಿ, ಉಸಿರು ಬಿಗಿಹಿಡಿದು ಕಾದೆ. ಪೀಂ ಎಂದು ಉದ್ದಕ್ಕೆ ಕೂಗಿತು. "ಸಿಕ್ಕಿತು!" ಎಂದು ನಾನು ಕಿರುಚಿದ್ದಕ್ಕೆ ನಮ್ಮವರು ಏನೋ ಕಳೆದುಹೋಗಿತ್ತೆಂದು ಎದ್ದು ಬಂದರು. ಮೊದಲ ಸಲ ಹದಿನಾರು ಗಂಟೆ ಚಾರ್ಜ್ ಆಗಬೇಕೆಂದು ಬರೆದಿತ್ತು. ಏಕಾದಶಿಯ ಹಸಿವೆ ತಡೆಯಬಲ್ಲೆ, ಆ ಹದಿನಾರು ಗಂಟೆ ತಡೆಯುವುದು ಕಷ್ಟವಾಯಿತು.

ಬೆಳಿಗ್ಗೆ ಎಂಟಕ್ಕೆ ಹ್ಯಾಂಡ್‌ಸೆಟ್ಟನ್ನು ಪೀಠದಿಂದ ಎತ್ತಿದೆ. ಗುಂಯ್ ಎಂಬ ಡಯಲ್ ಟೋನ್ ಕಿವಿಗೆ ಹಿಡಿದುಕೊಂಡೇ ನಡೆದೆ. ನಡುಮನೆ ದಾಟಿತು, ಟೋನ್ ಇದೆ. ಹಿತ್ತಲಿನ ತುಳಸಿಕಟ್ಟೆಗೆ ಸುತ್ತು ಹಾಕಿದೆ, ಇದೆ. ಅಡುಗೆಮನೆಯ ಬಾಗಿಲಲ್ಲಿ ಅದನ್ನು ಎತ್ತಿ ಹಿಡಿದು, "ಅತ್ಯಾ, ಇಲ್ಲಿಗೂ ಬಂತ್ರಿ!" ಎಂದೆ. ಅತ್ತೆ ಸೌಟು ಹಿಡಿದು ನೋಡಿದರು. "ಬಂತು ಖರೆ. ಒಳಗ ತರಬ್ಯಾಡ." ಅದಕ್ಕೂ ನನ್ನ ಬಳಿ ಉಪಾಯವಿತ್ತು. ಅಡುಗೆಮನೆಗೂ ನಡುಮನೆಗೂ ನಡುವಿನ ಗೋಡೆಯಲ್ಲಿ ಬಡಿಸುವ ಕಿಂಡಿ ಇದೆ. ಅತ್ತೆ ಒಳಗಿನಿಂದ ಪಾತ್ರೆ ಇಟ್ಟರೆ ನಾನು ಹೊರಗಿನಿಂದ ತೆಗೆದುಕೊಳ್ಳುತ್ತೇನೆ. ಫೋನನ್ನು ಆ ಕಲ್ಲಿನ ಮೇಲೆ ನನ್ನ ಕಡೆಗೆ ಇಟ್ಟು, ಗುಂಡಿ ನಾನೇ ಒತ್ತುತ್ತೇನೆ, ಮಾತು ಮಾತ್ರ ನಿಮ್ಮದು ಎಂದೆ. ಅತ್ತೆ ಸೌಟು ಕೆಳಗಿಟ್ಟು ತೀರ್ಪು ಕೊಟ್ಟರು: "ದನಿಗೆ ಮೈಲಿಗಿ ಇಲ್ಲ. ಇಡು."

ಇಟ್ಟೆ. ನಂಬರ್ ಒತ್ತಬೇಕು, ಅಷ್ಟರಲ್ಲಿ ಅತ್ತೆ ಚೊಂಬಿಗೆ ಕೈ ಹಾಕಿದರು. ಕಿಂಡಿಗೆ ನಾನು ಬದನೆಕಾಯಿ ಇಡಲಿ, ಬಾಳೆಹಣ್ಣು ಇಡಲಿ, ನೀರು ಚಿಮುಕಿಸಿಯೇ ಮುಟ್ಟುವುದು ಅವರ ನಲವತ್ತು ವರ್ಷದ ರೂಢಿ. ಕೈ ತಾನಾಗಿಯೇ ಎದ್ದಿತು. "ಅತ್ಯಾ ಬ್ಯಾಡ್ರಿ!" ಎನ್ನುವಷ್ಟರಲ್ಲಿ ಫೋನಿನ ಮೇಲೆ ಧಾರಾಳವಾಗಿ ಪ್ರೋಕ್ಷಣೆಯಾಗಿತ್ತು. ನೀಲಿ ಪರದೆ ಒಮ್ಮೆ ಮಿಣುಕಿ ಕಣ್ಣು ಮುಚ್ಚಿತು. ಅತ್ತೆ ಚೊಂಬು ಹಿಡಿದು ಬೆಪ್ಪಾಗಿ ನಿಂತರು. "ಅಯ್ಯೋ, ಕೊಂದೆನೇನವಾ?"

ನಿಜ ಹೇಳಬೇಕೆಂದರೆ ಮೊದಲು ನನಗೆ ಬಂದದ್ದು ನಿಟ್ಟುಸಿರು. ಬಚಾವಾದೆ! ಫೋನು ಸತ್ತಿತು, ನನ್ನ ಗುಟ್ಟು ಬದುಕಿತು. ಆದರೆ ಅತ್ತೆ ಆ ದಿನ ಊಟಕ್ಕೆ ಕೂತವರು ಅನ್ನ ಕಲಸಿ ಹಾಗೇ ಕೂತರು. "ಅಕ್ಕನ ಜೊತಿ ಬಾಯಿತುಂಬ ಮಾತಾಡೋದು ನನ್ನ ಹಣ್ಯಾಗ ಬರದಿಲ್ಲ" ಎಂದರು. ದೀಪಾವಳಿಗೆ ಎಂಟು ದಿನ ಉಳಿದಿತ್ತು. ಅದಾದ ಮರುದಿನದಿಂದ ಕಾರ್ತಿಕ. ನಾನು ಕೈ ತೊಳೆದವಳೇ ಸೆಲ್ಲು ಬಿಚ್ಚಿ, ಹ್ಯಾಂಡ್‌ಸೆಟ್ಟನ್ನು ಮೊರದಲ್ಲಿಟ್ಟು ಮಾಳಿಗೆಯ ಮೇಲೆ ಒಯ್ದು, ತೆಳ್ಳನೆಯ ಬಟ್ಟೆ ಮುಚ್ಚಿ ಗಾಳಿಗೆ ಇಟ್ಟೆ. ಎರಡು ದಿನ ಬಾಣಂತಿಯ ಕೂಸಿನಂತೆ ಅದನ್ನು ಕಾದೆ. ಮೂರನೆಯ ಬೆಳಿಗ್ಗೆ ಸೆಲ್ಲು ಹಾಕಿದೆ. ಟಕ್. ನೀಲಿ ಬೆಳಕು! ಮೆಟ್ಟಿಲ ಮೇಲೆಯೇ ಕುಣಿದುಬಿಟ್ಟೆ. ಆಮೇಲೆ ನನ್ನ ಗುಟ್ಟು ನೆನಪಾಗಿ ಒಂದೊಂದೇ ಮೆಟ್ಟಿಲು ಇಳಿದೆ.

ಅಂದು ಅತ್ತೆ ತಾವಾಗಿಯೇ ಚೊಂಬನ್ನು ಕಿಂಡಿಯಿಂದ ದೂರ ಸರಿಸಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. "ಹಚ್ಚು ಅಕ್ಕಗ" ಎಂದರು. ನಾನು ನಂಬರ್ ಒತ್ತಿ ಸ್ಪೀಕರ್ ಹಾಕಿದೆ.

"ಯಾರು?" ದೊಡ್ಡತ್ತೆಯದೇ ದನಿ, ಕಿಂಡಿ ತುಂಬ. ಮಗ ಹೊರಡುವ ಗಡಿಬಿಡಿಯಲ್ಲಿ ನಂಬರ್ ನೋಡದೆ ಸ್ಪೀಕರ್ ಹಾಕಿ ಅವರ ಮುಂದಿಟ್ಟಿರಬೇಕು.

"ಅಕ್ಕಾ, ನಾನು!"

"ನಿನ್ನ ಸೊಸಿ ಎಲ್ಲಿ?"

"ಸೊಸಿ ಯಾಕ? ನಾನೇ ಮಾತಾಡ್ಲಿಕತ್ತೀನಿ. ಒಲಿ ಮುಂದ ನಿಂತು! ಅನ್ನ ಕುದಿಯೋದು ಕೇಳಸ್ತದೇನು?"

ಅತ್ತೆಯ ಮುಖ ನೋಡಬೇಕಿತ್ತು. ಹತ್ತು ವರ್ಷದ ಹುಡುಗಿಯ ಹಾಗೆ ತುದಿಗಾಲಲ್ಲಿ ನಿಂತು, ಗೋನೆಗಂಡ್ಲಕ್ಕೆ ಫೋನಿಲ್ಲದೆಯೇ ಕೇಳಿಸುವಷ್ಟು ಜೋರಾಗಿ ಕೂಗುತ್ತಿದ್ದರು. ನನಗೂ ಖುಷಿಗೆ ಕಣ್ಣಲ್ಲಿ ನೀರು ಬಂತು. ಆಗ ದೊಡ್ಡತ್ತೆ ಹೇಳಿದರು: "ಮೂರು ತಿಂಗಳಾತು. ನಾ ಕಾರ್ತಿಕಕ್ಕ ಬರ್ತೀನಿ ಅಂದ್ರ, ನೋಡೋಣು ಅಂದ್ಯಲ್ಲ. ತಂಗಿ ಮನಿಗೆ ನೋಡಿ ಬರಬೇಕೇನು ನಾನು?"

ಅತ್ತೆಯ ಕೈ ಬೆನ್ನಿಂದ ಕೆಳಗಿಳಿಯಿತು. ಕಿಂಡಿಯ ಆಚೆಯಿಂದ ನನ್ನನ್ನೇ ನೋಡಿದರು. ನನಗೆ ಕಣ್ಣು ತಗ್ಗಿಸಲೂ ಆಗಲಿಲ್ಲ, ಎತ್ತಲೂ ಆಗಲಿಲ್ಲ. ಹೌದು ಎಂದು ತಲೆಯಾಡಿಸಿದೆ. ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. "ಕೇಳಸ್ತೇನ?" ಎಂದಿತು ಫೋನು.

"ಕೇಳಸ್ತು ಅಕ್ಕಾ" ಎಂದರು ಅತ್ತೆ, ನನ್ನ ಮೇಲಿಂದ ಕಣ್ಣು ತೆಗೆಯದೆ. "ಅಂದಿದ್ದೆ, ಹೌದು. ಮಾಳಿಗಿ ಸೋರ್ತಿತ್ತು ಆಗ. ನಿನ್ನ ಎಲ್ಲಿ ಮಲಗಿಸಲಿ ಅಂತ ಹಂಗಂದೆ. ಈಗ ಸರಿ ಮಾಡಿಸೇವಿ. ನೀ ನಾಳೇನೇ ಬಾ."

ನಮ್ಮ ಮಾಳಿಗೆ ಎಂದೂ ಸೋರಿದ್ದಿಲ್ಲ. ಮಡಿಯಲ್ಲಿದ್ದಾಗ ಅತ್ತೆ ಸುಳ್ಳು ಹೇಳಿದ್ದನ್ನು ಹನ್ನೊಂದು ವರ್ಷದಲ್ಲಿ ನಾನು ಕೇಳಿದ್ದೂ ಇಲ್ಲ. ಆಚೆಯಿಂದ ದೊಡ್ಡತ್ತೆ ಮೂಗು ಎಳೆದುಕೊಳ್ಳುವ ಸದ್ದು, ಆಮೇಲೆ ನಗು, ಆಮೇಲೆ ಮಗನನ್ನು ಕರೆದು ನಾಳೆಯ ಬಸ್ಸು ಕೇಳುವ ಗಲಾಟೆ. ಅರ್ಧ ಗಂಟೆ ಮಾತಾಡಿದರು. ನಾನು ಅಲ್ಲೇ ನಿಂತಿದ್ದೆ. ಮುಗಿದ ಮೇಲೆ ಗುಂಡಿ ಒತ್ತಲು ನನಗೆ ನೆನಪೇ ಆಗಲಿಲ್ಲ.

"ಅತ್ಯಾ..." ಎಂದೆ.

ಅತ್ತೆ ಅನ್ನ ಇಳಿಸಿದರು. ತಿರುಗಿ ನೋಡದೆಯೇ ಹೇಳಿದರು: "ಅಕ್ಕನ ಸೀರಿ ಹರವಲಿಕ್ಕೆ ಇನ್ನೊಂದು ಗಳ ಕಟ್ಟು. ಆಳಿಗೆ ಹೇಳಬ್ಯಾಡ, ನೀನೇ ಕಟ್ಟು. ಮತ್ತ ಆಕಿ ಸಂಜಿಮುಂದ ಮಾಳಿಗಿ ಮ್ಯಾಲ ಕೂಡಾಕಿ. ಸರಿ ಮಾಡಿಸಿದ್ದು ಎಲ್ಲಿ ಅಂತ ಕೇಳ್ತಾಳ."

ಮಧ್ಯಾಹ್ನ ಗಳ ಕಟ್ಟಿದೆ. ಆಮೇಲೆ ಒಂದು ಬುಟ್ಟಿ ಸಿಮೆಂಟು ಕಲಸಿಕೊಂಡು ಮೇಲೆ ಹತ್ತಿ, ಎಂದೂ ಸೋರದ ನಮ್ಮ ಮಾಳಿಗೆಗೆ ಮೂರು ಮೊಳ ಉದ್ದದ ತೇಪೆ ಹಾಕಿದೆ.