ನೊರೆಯಕ್ಕ ಒಗೆಯದ ಅಂಗಿ

ನೊರೆಯಕ್ಕನ ಕೈಗೆ ಬಂದ ಬಟ್ಟೆ ಯಾವತ್ತೂ ಕೊಳೆಯಾಗಿ ಹಿಂದಿರುಗಿದ್ದಿಲ್ಲ, ಒಂದೇ ಒಂದು ಅಂಗಿಯನ್ನು ಬಿಟ್ಟರೆ. ಮೂವತ್ತು ವರ್ಷ ಸೋಪಿನ ನೀರಿನಲ್ಲಿ ನೆನೆದು ಆಕೆಯ ಬೆರಳ ತುದಿಯೆಲ್ಲ ಒಣದ್ರಾಕ್ಷಿಯಾಗಿತ್ತು, ಪಾಪ. ಬಾಯಿ ಮಾತ್ರ ಹಸಿಮೆಣಸಿನಕಾಯಿ. ಆಸ್ಪತ್ರೆಯ ಪರದೆ, ಹೋಟೆಲಿನ ಮೇಜುಬಟ್ಟೆ, ಅದರ ಜೊತೆಗೆ ಕೆಳಗಿನ ಬೀದಿಯ ಫುಟ್‌ಬಾಲ್ ತಂಡದ ಬಿಳಿ ಅಂಗಿಗಳು, ಎಲ್ಲವೂ ಬೇಯುತ್ತಿದ್ದುದು ಆಕೆಯ ಹಿತ್ತಲಿನ ತಗಡಿನ ಶೆಡ್ಡಿನಲ್ಲೇ.

ಆ ತಂಡದಲ್ಲಿ ಗೋಲು ಹೊಡೆಯುವವನು ಚಿಗರೆ, ಆಕೆಯ ಸತ್ತ ಅಕ್ಕನ ಮಗ. ಸಾಕಿದವಳೂ ಇವಳೇ. ಓಟದಲ್ಲಿ ಚಿಗರೆ, ಊಟದಲ್ಲಿ ಆನೆ, ಆ ಮಾತು ಇರಲಿ. ಆರು ವರ್ಷ ಅವನ ಅಂಗಿ ಒಗೆದಳು. ಈ ಸಲ ಸೀಸನ್ನಿಗೆ ಒಂದು ವಾರವಿದೆ ಅನ್ನುವಾಗ ಹೇಳದೆ ಕೇಳದೆ ಮೇಲಿನ ಬೀದಿಯ ತಂಡ ಸೇರಿಬಿಟ್ಟ. ಸೇರಲಿ, ಕಾಲು ಅವನದು. ಆದರೆ ಮೊದಲ ಪಂದ್ಯದಲ್ಲೇ ಹಳೆಯ ಗೆಳೆಯರ ಮೇಲೆ ಐದು ಗೋಲು ಹೊಡೆದು, ಮೈದಾನದ ಅಂಚಿಗೆ ಬಂದು, ಕೆಸರಿನ ಹಳದಿ ಅಂಗಿ ಕಳಚಿ ಚಿಕ್ಕಮ್ಮನ ತಲೆಯ ಮೇಲೆ ಎಸೆದ.

“ಚಿಕ್ಕಮ್ಮಾ, ನಿನ್ನ ಡಿಫೆನ್ಸಿನೋರು ಮದುವೆಗೆ ಹೊರಟಂಗಿದಾರೆ, ಅಂಗಿಗೆ ಒಂದು ಕಲೆ ಇಲ್ಲ! ನಿಂಗೆ ಕೆಲ್ಸ ಎಲ್ಲಿದೆ? ತಗೊ, ಇದನ್ನಾದ್ರೂ ಒಗಿ!”

ಮೈದಾನವೆಲ್ಲ ನಕ್ಕಿತು. ಆಕೆ ಅಂಗಿಯನ್ನು ಮನೆಗೆ ತಂದು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದಳು.

“ವಾಸನೆ ಬರುತ್ತಲ್ಲೇ,” ಅಂದ ಗಂಡ.

“ಬರ್ಲಿ. ಅವನು ಒಂದೂ ಗೋಲು ಹೊಡೀದೆ ತಲೆ ತಗ್ಗಿಸ್ಕೊಂಡು ಹೋಗ್ಬೇಕು. ಅವತ್ತು ವಾಪಸ್ ಕೊಡ್ತೀನಿ.”

ಆದರೆ ತಂಡದ ಗತಿ ಕೇಳಬೇಡಿ. ಅಳಿಯ ಮಾವನ ಮನೆಗೆ ಬಂದ ಹಾಗೆ ಚೆಂಡು ಬಲೆಯೊಳಕ್ಕೆ ಬರುತ್ತಿತ್ತು. ಏಳು ಪಂದ್ಯಕ್ಕೆ ಇಪ್ಪತ್ತಮೂರು ಗೋಲು! ಏಳನೆಯ ಸೋಲಿನ ಮರುದಿನ ಬೆಳಿಗ್ಗೆ ಅಂಗಿಗಳನ್ನು ತೊಟ್ಟಿಗೆ ಹಾಕುತ್ತಿದ್ದವಳ ಕೈ ನಿಂತಿತು. ಉಜ್ಜುವ ಕೆಲಸ ಕಡಿಮೆಯಾಯಿತೆಂದು ಇಷ್ಟು ದಿನ ಹಿಗ್ಗಿದ್ದಳೇ ಹೊರತು ನೋಡಿರಲಿಲ್ಲ. ಆ ಪಾಪಿ ಹೇಳಿದ್ದು ನಿಜ. ಹಿಂದೆ ನಿಲ್ಲುವ ನಾಲ್ವರ ಎದೆಯೂ ಹಾಲಿನಷ್ಟು ಬಿಳುಪು. ಅವರಲ್ಲಿ ಬಡಗಿಯ ಬಲತೋಳಿಗೂ ಅಂಚೆಯವನ ಎಡತೋಳಿಗೂ ಮಾತ್ರ ಒಂದೇ ಅಳತೆಯ ಕಲೆ. ಎದುರಾಳಿಯನ್ನು ಬಿಟ್ಟು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುತ್ತಿದ್ದರು, ಮಂಕುಗಳು!

ಅಂದೇ ಸಂಜೆ ಬಡಗಿ, ಅಂಚೆಯವನು, ಕಂಡಕ್ಟರ್, ಕ್ಷೌರಿಕ ನಾಲ್ವರನ್ನೂ ಹಿತ್ತಲಿಗೆ ಕರೆಸಿ, ಆಸ್ಪತ್ರೆಯ ಉದ್ದನೆಯ ಒದ್ದೆ ಪರದೆಯ ಅಂಚನ್ನು ಸಾಲಾಗಿ ಹಿಡಿಸಿದಳು.

“ಮುಂದೆ ಅಂದ್ರೆ ನಾಲ್ಕೂ ಜನ ಮುಂದೆ, ಹಿಂದೆ ಅಂದ್ರೆ ಹಿಂದೆ. ಪರದೆ ನೆಲಕ್ಕೆ ಬಿದ್ರೆ ಬೀಳಿಸಿದೋನೇ ಒಗೀಬೇಕು.”

“ನೊರೆಯಕ್ಕಾ, ಇದು ಫುಟ್‌ಬಾಲಾ, ಇಲ್ಲಾ ಬಿಟ್ಟಿ ಕೆಲ್ಸ ಮಾಡಿಸ್ಕೊಳ್ಳೋ ಉಪಾಯಾನಾ?” ಅಂದ ಅಂಚೆಯವನು.

“ಎರಡೂ ಕಣೋ. ಎತ್ತು ಮೇಲೆ!”

ಮೊದಲ ದಿನ ಪರದೆಯನ್ನು ಆರು ಸಲ ಒಗೆದರು. ಕ್ಷೌರಿಕನ ಕೈಗೆ ಬೊಬ್ಬೆ ಬಂದು ಎರಡು ದಿನ ಯಾರಿಗೂ ಗಡ್ಡ ಕೆರೆಯಲಾಗಲಿಲ್ಲ. ಹದಿನೈದು ದಿನಕ್ಕೆ ಒಬ್ಬ ಹೆಜ್ಜೆ ಇಟ್ಟರೆ ನಾಲ್ವರೂ ಇಡುವ ಹಾಗಾಯಿತು. ಮುಂದಿನ ಆರು ಪಂದ್ಯದಲ್ಲಿ ಬಿಟ್ಟುಕೊಟ್ಟಿದ್ದು ಎರಡೇ ಗೋಲು. ಅಂಗಿಗಳು ಎದೆತುಂಬ ಕೆಸರು ಹೊತ್ತು ಬಂದವು.

ಉಳಿದದ್ದು ಕೊನೆಯ ಪಂದ್ಯ, ಅದೂ ಚಿಗರೆಯ ತಂಡದ ಮೇಲೆ. ಹಿಂದಿನ ದಿನ ಆಕೆ ಮೊಳೆಯ ಮೇಲಿನ ಅಂಗಿ ತಂದು ನಾಲ್ವರ ಮುಂದೆ ಹರವಿದಳು.

“ಎಡಗಡೆ ಸೊಂಟ ನೋಡ್ರೋ, ಹುಲ್ಲಿನ ಕಲೆ. ಬಲಗಡೆ ಹೊಸದರಂಗಿದೆ. ಆರು ವರ್ಷ ಒಗ್ದಿದೀನಿ, ಯಾವತ್ತೂ ಹೀಗೇನೇ. ಬಲಗಾಲಲ್ಲಿ ಹೊಡೀತಾನೆ, ಎಡಕ್ಕೆ ಬೀಳ್ತಾನೆ. ಎಡಗಾಲು ಅವನಿಗೆ ಬರೀ ಊರುಗೋಲು. ಆ ಕಾಲಿಗೇ ಚೆಂಡು ಸಿಗೋ ಹಾಗೆ ತಳ್ಳಿ.”

“ಎಷ್ಟೇ ಆದ್ರೂ ಸಾಕಿದ ಮಗ ಅಲ್ವೇನಕ್ಕಾ?” ಅಂದ ಕಂಡಕ್ಟರ್.

“ಸಾಕಿದ್ದಕ್ಕೇ ಗೊತ್ತಿರೋದು,” ಅಂದಳು.

ಮರುದಿನ ಚಿಗರೆ ಬಲಕ್ಕೆ ಬಂದಾಗೆಲ್ಲ ನಾಲ್ವರೂ ಪರದೆ ಎಳೆದ ಹಾಗೆ ಒಟ್ಟಿಗೆ ಸರಿದರು. ಎಡಗಾಲಲ್ಲಿ ಒದ್ದ ಚೆಂಡು ಒಂದು ಸಲ ಬೇಲಿಯಾಚೆ ಹೋಯಿತು, ಇನ್ನೊಂದು ಸಲ ಐಸ್‌ಕ್ರೀಮ್ ಗಾಡಿಯ ಮೇಲೆ ಬಿತ್ತು. ಮೂರನೆಯ ಸಲ ಅವನೇ ಬಿದ್ದ, ಬಲಸೊಂಟದ ಮೇಲೆ. ಕೆಳಗಿನ ಬೀದಿಯವರು ಒಂದು ಹೊಡೆದು ಗೆದ್ದರು. ನೊರೆಯಕ್ಕನಿಗೆ ಆ ಒಂದು ಬೇಕಿರಲಿಲ್ಲ, ಅವನ ಸೊನ್ನೆ ಸಾಕಿತ್ತು.

ತಲೆ ತಗ್ಗಿಸಿ ಹೊರಟವನ ದಾರಿಗೆ ಅಡ್ಡ ನಿಂತು, ಅಂಚಿಗೆ ಅಂಚು ಸೇರಿಸಿ ಮಡಿಸಿದ ಹಳದಿ ಅಂಗಿ ಕೊಟ್ಟಳು.

ಅವನು ಬಿಡಿಸಿ ನೋಡಿದ. “ಚಿಕ್ಕಮ್ಮಾ, ಒಗೆದೇ ಇಲ್ವಲ್ಲ!”

“ಇಸ್ತ್ರಿ ಮಾಡಿದೀನಲ್ಲ ಮಗನೇ. ಕಲೆ ಮೇಲೆ ಎರಡು ಸಲ.”

ಬಿಸಿ ಇಸ್ತ್ರಿ ಬಿದ್ದ ಹುಲ್ಲಿನ ಕಲೆ ಜನ್ಮಕ್ಕೂ ಹೋಗುವುದಿಲ್ಲವೆಂದು ಆ ಮನೆಯಲ್ಲಿ ಬೆಳೆದವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಈ ಸಲವೂ ಮೈದಾನವೆಲ್ಲ ನಕ್ಕಿತು. ಅವನು ಅಂಗಿಯನ್ನು ಕಂಕುಳಲ್ಲಿ ಒತ್ತಿಕೊಂಡು ನಡೆದ.

ಮನೆಗೆ ಬಂದಾಗ ಗಂಡ ಇಕ್ಕಳ ಹಿಡಿದು ಬಾಗಿಲ ಹಿಂದಿನ ಮೊಳೆ ಕೀಳಲು ಹೊರಟಿದ್ದ.

“ಇರ್ಲಿ ಬಿಡಿ,” ಅಂದಳು ನೊರೆಯಕ್ಕ, ಸೆರಗು ಸೊಂಟಕ್ಕೆ ಸಿಕ್ಕಿಸುತ್ತಾ. “ಮುಂದಿನ ವರ್ಷಾನೂ ಸೀಸನ್ ಇದೆ.”