ಸೆಕ್ಯುರಿಟಿ ಅಣ್ಣ ನೋಡಿದ ಯುದ್ಧ

ಅದು ಯಾವ ಭಾನುವಾರವೋ, ನನ್ನ ನೆನಪನ್ನು ನಂಬಲಾಗದು. ಬ್ರೂಕ್‌ಫೀಲ್ಡಿನ ನಮ್ಮ ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಅಕ್ಕಪಕ್ಕದ ಮನೆಯವರಿಗೆಂದು ಫಿನ್ಲೆಂಡಿನ ಹಳೆಯ ಯುದ್ಧದ ಸಿನಿಮಾ ಹಾಕಿದ್ದೆ. ವಿಜಯಪುರದ ಕಡೆಯ ಸೆಕ್ಯುರಿಟಿ ಅಣ್ಣ ಬಾಗಿಲಲ್ಲಿ ನಿಂತೇ ನೋಡುತ್ತಿದ್ದರು. ಅವರ ಮಗ ಸೈನಿಕ, ಗಡಿಯಲ್ಲಿದ್ದ, ವಾರದಿಂದ ಫೋನಿಲ್ಲ. ಯಾರು ಕೇಳಿದರೂ ‘ಆರಾಮ ಅದಾನ್ರಿ’ ಎಂದು ಮೊಬೈಲನ್ನು ಅಂಗಿಗೆ ಒರೆಸಿಕೊಳ್ಳುತ್ತಿದ್ದರು.

ತೆರೆಯ ಮೇಲೆ ಸೈನಿಕರು ಕಂದಕದಲ್ಲಿ ಕೂತು ಮೇಲಧಿಕಾರಿಯನ್ನು ಗೇಲಿ ಮಾಡುತ್ತಿದ್ದರು. ಅಣ್ಣ ನಕ್ಕರು. ‘ನಮ್ಮ ಮಗಾನೂ ಸಾಹೇಬ್ರನ್ನ ಹಿಂಗ ಆಡ್ಕೋತಾನ್ರಿ.’ ಅಷ್ಟರಲ್ಲಿ ಸೈನಿಕರಲ್ಲೊಬ್ಬ ಎದ್ದು ಬಯಲಿಗೆ ಓಡಿದ.

‘ಸಾರ್, ಬಂದ್ ಮಾಡ್ರಿ!’

ನಿಲ್ಲಿಸಿದೆ. ‘ಏನ್ ಗುರು, ಕರೆಂಟ್ ಹೋಯ್ತಾ?’ ಎಂದು ಹಿಂದಿನಿಂದ ಯಾರೋ ರೇಗಿಸಿದರು. ಆಗಲೇ ಅಣ್ಣನ ಫೋನ್ ಬಡಿದುಕೊಂಡಿತು, ಎತ್ತಿಕೊಂಡು ಹೊರಗೋಡಿದರು.

ಮರುದಿನ ಗೇಟಿನಲ್ಲಿ ಬೇರೆಯವರಿದ್ದರು. ‘ಊರಿಗೆ ಹೋದ್ರಂತೆ ಸಾರ್’ ಎಂದರು. ಕರೆ ಮಾಡಿದ್ದು ಮಗನೋ, ಮಗನ ಸುದ್ದಿ ಹೇಳುವ ಬೇರೆ ಯಾರೋ, ನನಗೆ ಗೊತ್ತಿಲ್ಲ.